ಕಲ್ಲು ಕರಗಿ ಗೊಬ್ಬರವಾಗುವ ಬಗೆ



ಕನ್ನಡ ಪಾಠ ಮಾಡುವ ನಾವು ಗೊಬ್ಬರದ ಕಾರ್ಖಾನೆಯ ಬಗ್ಗೆ ಬರೆಯಲು ಹೊರಟಿರುವುದು ನಿಮಗೆ ವಿಚಿತ್ರವಾಗಿ ಕಾಣಬಹುದು. ಇದಕ್ಕೆ ಕಾರಣ ನಮ್ಮ ಎಂಟನೆಯ ತರಗತಿಯ ಒಬ್ಬ ಹುಡುಗ. ಈ ವರ್ಷ 'ನನ್ನ ತಂದೆಯ ಉದ್ಯೋಗ' ಎಂಬ ಪ್ರಬಂಧ ಬರೆಯಲು ಹೇಳಿದ್ದೆವು. ಒಬ್ಬಳು ಬ್ಯಾಂಕಿನ ಬಗ್ಗೆ ಬರೆದಳು, ಇನ್ನೊಬ್ಬ ಆಸ್ಪತ್ರೆಯ ಬಗ್ಗೆ ಬರೆದ. ಈ ಹುಡುಗ ಮಾತ್ರ ಎರಡೇ ಸಾಲು ಬರೆದಿದ್ದ: "ನನ್ನ ಅಪ್ಪ ಕಲ್ಲನ್ನು ಆಸಿಡ್‌ನಲ್ಲಿ ಹಾಕುತ್ತಾರೆ. ಹಳೆಯ ಆಸಿಡ್ ಮತ್ತೆ ಬಳಸುತ್ತಾರೆ." ಅದನ್ನು ಓದಿದಾಗ ತರಗತಿಯಲ್ಲಿ ನಗು ಎದ್ದಿತು. ಹುಡುಗ ತಲೆ ತಗ್ಗಿಸಿ ಕುಳಿತ. ಆಮೇಲೆ ನಮ್ಮ ಬಳಿ ಬಂದು, "ಟೀಚರ್, ಇಂಗ್ಲಿಷ್‌ನಲ್ಲಾದರೆ ಇನ್ನೂ ಬರೆಯುತ್ತಿದ್ದೆ. ಕನ್ನಡದಲ್ಲಿ ಪದಗಳೇ ಗೊತ್ತಿಲ್ಲ" ಎಂದ.

ತಪ್ಪು ಹುಡುಗನದಲ್ಲ. ಆ ಪದಗಳನ್ನು ನಾವೇ ಅವನಿಗೆ ಕೊಟ್ಟಿರಲಿಲ್ಲ. ಆದ್ದರಿಂದ ತರಗತಿಯವರೆಲ್ಲ ಸೇರಿ, ಅವನ ತಂದೆಯವರನ್ನೂ ನಮ್ಮ ವಿಜ್ಞಾನದ ಅಧ್ಯಾಪಕರನ್ನೂ ಕೇಳಿ ಈ ವಿಷಯ ಕಲಿತೆವು. ಕಲಿತದ್ದನ್ನು ಇಲ್ಲಿ ಪಾಠದ ರೂಪದಲ್ಲಿ ಕೊಡುತ್ತಿದ್ದೇವೆ.

ಗಿಡಕ್ಕೆ ರಂಜಕ ಏಕೆ ಬೇಕು?

ಗಿಡಕ್ಕೆ ಮುಖ್ಯವಾಗಿ ಬೇಕಾದ ಪೋಷಕಾಂಶಗಳು ಮೂರು: ಸಾರಜನಕ, ರಂಜಕ, ಪೊಟ್ಯಾಷ್. ಸಾರಜನಕ ಎಲೆಯನ್ನು ಹಸಿರಾಗಿಡುತ್ತದೆ. ಪೊಟ್ಯಾಷ್ ಗಿಡಕ್ಕೆ ರೋಗವನ್ನೂ ಬರವನ್ನೂ ತಡೆಯುವ ಶಕ್ತಿ ಕೊಡುತ್ತದೆ. ಫಾಸ್ಫರಸ್ ಎಂದು ನಾವು ಕರೆಯುವ ರಂಜಕ ಎಳೆಯ ಗಿಡದ ಬೇರನ್ನು ಬೆಳೆಸುತ್ತದೆ; ಹೂ, ಕಾಳು, ಬೀಜ ಕಟ್ಟಲು ನೆರವಾಗುತ್ತದೆ. ರಂಜಕ ಸಾಲದಿದ್ದರೆ ಗಿಡ ಕುಳ್ಳಾಗುತ್ತದೆ. ಮೆಕ್ಕೆಜೋಳದ ಎಲೆಯ ಅಂಚು ನೇರಳೆ ಬಣ್ಣಕ್ಕೆ ತಿರುಗುತ್ತದೆ.

ನಮ್ಮ ದೇಹಕ್ಕೂ ಇದು ಬೇಕು. ವಯಸ್ಕರೊಬ್ಬರ ದೇಹದಲ್ಲಿ ಸುಮಾರು 700 ಗ್ರಾಂ ರಂಜಕವಿರುತ್ತದೆ. ಅದರಲ್ಲಿ ಶೇ. 85ರಷ್ಟು ಮೂಳೆ ಮತ್ತು ಹಲ್ಲುಗಳಲ್ಲೇ ಇದೆ. ಅದೆಲ್ಲವೂ ನಾವು ಉಂಡ ರಾಗಿ, ಅಕ್ಕಿ, ಬೇಳೆ, ಹಾಲಿನ ಮೂಲಕ ಬಂದದ್ದು. ರಾಗಿಗೆ ಅದು ಮಣ್ಣಿನಿಂದ ಬಂತು. ಹೊಲದಲ್ಲಿ ಬೆಳೆದದ್ದನ್ನು ಪ್ರತಿ ವರ್ಷ ಪೇಟೆಗೆ ಸಾಗಿಸಿದರೆ ಮಣ್ಣಿನ ರಂಜಕವೂ ಗಾಡಿ ಹತ್ತಿ ಹೋಗುತ್ತದೆ. ಹೋದದ್ದನ್ನು ಮರಳಿ ತುಂಬಬೇಕು. ಹಿಂದೆ ಕೊಟ್ಟಿಗೆ ಗೊಬ್ಬರ, ಬೂದಿ, ಕೆರೆಗೋಡು, ಮೂಳೆಪುಡಿ ಇವುಗಳಿಂದ ತುಂಬುತ್ತಿದ್ದರು. ಬಾಯಿಗಳು ಹೆಚ್ಚಾದಂತೆ ಅವಷ್ಟೇ ಸಾಲದಾದವು.

ಕಲ್ಲಿನಲ್ಲಿರುವ ರಂಜಕ

1669ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಹೆನ್ನಿಗ್ ಬ್ರಾಂಡ್ ಎಂಬಾತ ಮೂತ್ರವನ್ನು ಕುದಿಸಿ ಕುದಿಸಿ ಚಿನ್ನ ಮಾಡಲು ಹೊರಟಿದ್ದ. ಚಿನ್ನ ಸಿಗಲಿಲ್ಲ. ಕತ್ತಲಲ್ಲಿ ಹೊಳೆಯುವ ಹೊಸ ವಸ್ತುವೊಂದು ಸಿಕ್ಕಿತು. ಗ್ರೀಕ್ ಭಾಷೆಯಲ್ಲಿ 'ಬೆಳಕು ಹೊತ್ತು ತರುವುದು' ಎಂಬ ಅರ್ಥ ಬರುವಂತೆ ಅದಕ್ಕೆ ಫಾಸ್ಫರಸ್ ಎಂದು ಹೆಸರಾಯಿತು. ಮೂಳೆಯಲ್ಲೂ ಇದೇ ವಸ್ತು ಇದೆ ಎಂಬುದು ಅದಾಗಿ ನೂರು ವರ್ಷಗಳ ನಂತರ ತಿಳಿಯಿತು.

ಭೂಮಿಯಲ್ಲಿ ರಂಜಕ ಬಿಡಿಯಾಗಿ ಸಿಗುವುದಿಲ್ಲ. ಫಾಸ್ಫೇಟ್ ಶಿಲೆಯಲ್ಲಿ ಸುಣ್ಣದಂಶ ಮತ್ತು ಫ್ಲೋರಿನ್ ಜೊತೆ ಕೂಡಿಕೊಂಡಿರುತ್ತದೆ. ಈ ಖನಿಜದ ಹೆಸರು ಅಪಟೈಟ್. ಇಂಥ ನಿಕ್ಷೇಪಗಳಲ್ಲಿ ಹೆಚ್ಚಿನವು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರಪದರವಾಗಿ ಶೇಖರವಾದವು. ಜಗತ್ತಿನ ಗೊತ್ತಿರುವ ನಿಕ್ಷೇಪದಲ್ಲಿ ಸುಮಾರು ಮೂರನೇ ಎರಡು ಭಾಗ ಮೊರೊಕ್ಕೊ ಕಡೆಗೇ ಇದೆ. ಜೋರ್ಡಾನ್, ಈಜಿಪ್ಟ್, ಟುನೀಷಿಯ, ಚೀನಾ, ಅಮೆರಿಕದ ಫ್ಲಾರಿಡಾ ಇವು ಇತರ ಹೆಸರಾಂತ ಸ್ಥಳಗಳು. ನಾವಿರುವ ಸೌದಿ ಅರೇಬಿಯಾದ ಉತ್ತರದ ಮರುಭೂಮಿಯಲ್ಲಿ ಅಲ್ ಜಲಾಮಿದ್ ಎಂಬಲ್ಲಿ ದೊಡ್ಡ ಗಣಿಯಿದೆ. ಭಾರತದಲ್ಲಿ ರಾಜಸ್ಥಾನದ ಉದಯಪುರದ ಬಳಿ ಝಾಮರ್‌ಕೋಟ್ರಾ ಗಣಿ ಇದೆ. ಆದರೆ ನಮ್ಮ ದೇಶದ ಬೇಡಿಕೆಗೆ ಅದು ಏನೇನೂ ಸಾಲದು. ಹೀಗಾಗಿ ಭಾರತ ಶಿಲೆಯನ್ನೋ, ಅದರಿಂದ ಮಾಡಿದ ಆಮ್ಲವನ್ನೋ, ಸಿದ್ಧ ಗೊಬ್ಬರವನ್ನೋ ಹೊರಗಿನಿಂದ ತರಿಸಿಕೊಳ್ಳಬೇಕು.

ಶಿಲೆಯನ್ನು ಪುಡಿ ಮಾಡಿ ನೇರವಾಗಿ ಹೊಲಕ್ಕೆ ಹಾಕಬಾರದೇ ಎಂದು ನಮ್ಮ ತರಗತಿಯಲ್ಲಿ ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಅಪಟೈಟ್ ನೀರಿನಲ್ಲಿ ಕರಗುವುದಿಲ್ಲ. ಬೇರು ಕುಡಿಯುವುದು ಕರಗಿದ್ದನ್ನು ಮಾತ್ರ. ಹುಳಿ ಗುಣದ ಮಣ್ಣಿನಲ್ಲಿ, ಉದಾಹರಣೆಗೆ ಕಾಫಿ ತೋಟಗಳಲ್ಲಿ, ಶಿಲೆಯ ಪುಡಿ ನಿಧಾನವಾಗಿ ಕರಗುತ್ತದೆ. ಬಯಲುಸೀಮೆಯ ಕಪ್ಪು ಮಣ್ಣಿನಲ್ಲಿ ಅದು ಬಹುಮಟ್ಟಿಗೆ ಕಲ್ಲಾಗಿಯೇ ಉಳಿಯುತ್ತದೆ. ಆದ್ದರಿಂದ ಕರಗಿಸುವ ಕೆಲಸವನ್ನು ಮೊದಲೇ ಕಾರ್ಖಾನೆಯಲ್ಲಿ ಮಾಡಬೇಕು.

ಹುಳಿ ಮಾಡುವ ಕೆಲಸ

ಆಮ್ಲ ಎಂದರೆ ಹುಳಿ. ಕಲೆಗಟ್ಟಿದ ತಾಮ್ರದ ಚೊಂಬನ್ನು ಅಜ್ಜಿ ಹುಣಸೆಹಣ್ಣಿನಿಂದ ಉಜ್ಜುವುದನ್ನು ನೋಡಿದ್ದೀರಲ್ಲವೇ? ನೀರಿಗೆ ಹೋಗದ ಕಲೆ ಹುಳಿಗೆ ಕರಗುತ್ತದೆ. ಫಾಸ್ಫೇಟ್ ಶಿಲೆಗೂ ಹೀಗೆಯೇ, ಆದರೆ ಅದಕ್ಕೆ ಹುಣಸೆಯ ಹುಳಿ ಸಾಲದು. ಗಂಧಕಾಮ್ಲ, ಅಂದರೆ ಸಲ್ಫ್ಯೂರಿಕ್ ಆಮ್ಲ ಬೇಕು.

1840ರಲ್ಲಿ ಜರ್ಮನಿಯ ವಿಜ್ಞಾನಿ ಲೀಬಿಗ್, ಮೂಳೆಯನ್ನು ಗಂಧಕಾಮ್ಲದಲ್ಲಿ ನೆನೆಸಿದರೆ ಒಳ್ಳೆಯ ಗೊಬ್ಬರವಾಗುತ್ತದೆ ಎಂದು ಸೂಚಿಸಿದರು. ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ 1842ರಲ್ಲಿ ಇದಕ್ಕೆ ಪೇಟೆಂಟ್ ಪಡೆದು, ಮರುವರ್ಷ ಲಂಡನ್ ಬಳಿಯ ಡೆಪ್ಟ್‌ಫರ್ಡ್‌ನಲ್ಲಿ ಕಾರ್ಖಾನೆ ತೆರೆದರು. ಆ ಗೊಬ್ಬರವೇ ಸೂಪರ್ ಫಾಸ್ಫೇಟ್. ನಮ್ಮ ಊರಿನ ಗೊಬ್ಬರದ ಅಂಗಡಿಗಳಲ್ಲಿ ಇಂದಿಗೂ ಅದೇ ಹೆಸರಿನಲ್ಲಿ ಸಿಗುತ್ತದೆ.

ಇಂದು ದೊಡ್ಡ ಕಾರ್ಖಾನೆಗಳಲ್ಲಿ ನಡೆಯುವ ಕೆಲಸವನ್ನು ಹಂತಹಂತವಾಗಿ ನೋಡೋಣ.

1. ಗಣಿಯಿಂದ ತೆಗೆದ ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ನೊರೆ ಎಬ್ಬಿಸುವ ವಿಧಾನದಿಂದ ಬೇಡದ ಸುಣ್ಣಕಲ್ಲನ್ನು ಬೇರ್ಪಡಿಸುತ್ತಾರೆ. ಸುಣ್ಣಕಲ್ಲು ಉಳಿದರೆ ಅದೇ ಆಮ್ಲವನ್ನು ತಿಂದುಹಾಕುತ್ತದೆ.

2. ಹೀಗೆ ಸ್ವಚ್ಛವಾದ ಪುಡಿಯನ್ನು ದೊಡ್ಡ ತೊಟ್ಟಿಯಲ್ಲಿ ಗಂಧಕಾಮ್ಲದೊಂದಿಗೆ ಕಲಕುತ್ತಾರೆ. ಸುಮಾರು 70ರಿಂದ 80 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ಗಂಟೆಗಳ ಕಾಲ ಇದು ನಡೆಯುತ್ತದೆ. ಕ್ರಿಯೆಯನ್ನು ಪದಗಳಲ್ಲಿ ಹೀಗೆ ಬರೆಯಬಹುದು:

ಫಾಸ್ಫೇಟ್ ಶಿಲೆ + ಗಂಧಕಾಮ್ಲ + ನೀರು → ಫಾಸ್ಫಾರಿಕ್ ಆಮ್ಲ + ಜಿಪ್ಸಮ್ + ಹೈಡ್ರೋಜನ್ ಫ್ಲೋರೈಡ್

3. ತೊಟ್ಟಿಯಲ್ಲಿ ಈಗ ಇಡ್ಲಿ ಹಿಟ್ಟಿನಂಥ ಮಿಶ್ರಣವಿರುತ್ತದೆ. ಅದನ್ನು ಬಟ್ಟೆಯ ಸೋಸುಯಂತ್ರದ ಮೇಲೆ ಹರಿಸಿ, ಕೆಳಗಿನಿಂದ ಗಾಳಿ ಎಳೆದು ಸೋಸುತ್ತಾರೆ. ಫಾಸ್ಫಾರಿಕ್ ಆಮ್ಲ ಕೆಳಗಿಳಿಯುತ್ತದೆ. ಜಿಪ್ಸಮ್ ಮೇಲೆ ಉಳಿಯುತ್ತದೆ.

4. ಆಮ್ಲವನ್ನು ಬತ್ತಿಸಿ ಗಟ್ಟಿ ಮಾಡುತ್ತಾರೆ. ಅದಕ್ಕೆ ಅಮೋನಿಯಾ ಸೇರಿಸಿದರೆ ಡಿ.ಎ.ಪಿ. ಸಿದ್ಧವಾಗುತ್ತದೆ. ಅದನ್ನು ಹರಳುಗಳಾಗಿ ಉರುಳಿಸಿ, ಒಣಗಿಸಿ ಚೀಲಕ್ಕೆ ತುಂಬುತ್ತಾರೆ.

ಮರಳಿ ಬರುವ ಆಮ್ಲ

ಈಗ ನಮ್ಮ ಹುಡುಗನ ಎರಡನೆಯ ಸಾಲಿಗೆ ಬರೋಣ. "ಹಳೆಯ ಆಸಿಡ್ ಮತ್ತೆ ಬಳಸುತ್ತಾರೆ." ಎಲ್ಲರೂ ಹೆಚ್ಚು ನಕ್ಕದ್ದು ಈ ಸಾಲಿಗೆ. ಕಾರ್ಖಾನೆಯ ಜಾಣತನ ಇರುವುದು ಈ ಸಾಲಿನಲ್ಲೇ ಎಂಬುದು ನಮಗೆ ಆಮೇಲೆ ತಿಳಿಯಿತು. ಆಮ್ಲ ಮರಳಿ ಬರುವ ದಾರಿಗಳು ಒಂದಲ್ಲ, ಮೂರು.

ಮೊದಲನೆಯದು ಕಾರ್ಖಾನೆಯ ಒಳಗೇ ಇದೆ. ಸೋಸುಯಂತ್ರದ ಮೇಲೆ ಉಳಿದ ಜಿಪ್ಸಮ್‌ಗೆ ಇನ್ನೂ ಸ್ವಲ್ಪ ಫಾಸ್ಫಾರಿಕ್ ಆಮ್ಲ ಅಂಟಿಕೊಂಡಿರುತ್ತದೆ. ಹಾಗೇ ಎಸೆದರೆ ನಷ್ಟ. ತೆಂಗಿನ ಹಾಲು ತೆಗೆಯುವಾಗ ಒಮ್ಮೆ ಹಿಂಡಿ ಬಿಡುತ್ತೇವೆಯೇ? ನೀರು ಹಾಕಿ ಎರಡನೆಯ ಹಾಲು, ಮೂರನೆಯ ಹಾಲು ತೆಗೆಯುತ್ತೇವೆ. ಇಲ್ಲಿಯೂ ಜಿಪ್ಸಮ್ಮನ್ನು ಎರಡು ಮೂರು ಸಲ ತೊಳೆಯುತ್ತಾರೆ. ಶುದ್ಧ ನೀರನ್ನು ಕೊನೆಯ ತೊಳೆತಕ್ಕೆ ಮಾತ್ರ ಬಳಸುತ್ತಾರೆ. ಆ ತೊಳೆದ ನೀರು ಅದರ ಹಿಂದಿನ ತೊಳೆತಕ್ಕೆ ಹೋಗುತ್ತದೆ. ಹೀಗೆ ಹಿಂದೆ ಹಿಂದೆ ಸಾಗುತ್ತ ಅದು ಗಟ್ಟಿಯಾಗುತ್ತ ಬಂದು, ಕೊನೆಗೆ ಶಿಲೆ ಕರಗುವ ಮೊದಲ ತೊಟ್ಟಿಗೇ ಸೇರುತ್ತದೆ. ಇದನ್ನು ಮರಳಿದ ಆಮ್ಲ ಎನ್ನೋಣ. ಇದರಿಂದ ಎರಡು ಲಾಭ. ಅಂಟಿದ ರಂಜಕ ಕೈಗೆ ಸಿಗುತ್ತದೆ. ತೊಟ್ಟಿಯ ಮಿಶ್ರಣ ಕಲಕಲು ಬರುವಷ್ಟು ತೆಳುವಾಗಿಯೂ ಇರುತ್ತದೆ. ಮಸಾಲೆ ರುಬ್ಬಿದ ಮಿಕ್ಸಿ ಜಾರನ್ನು ತೊಳೆದ ನೀರನ್ನು ಅಮ್ಮ ಸಾಂಬಾರಿಗೇ ಸುರಿಯುವುದಿಲ್ಲವೇ, ಹಾಗೆ.

ಎರಡನೆಯ ದಾರಿ ಎಣ್ಣೆ ಮತ್ತು ಅನಿಲದಿಂದ ಬರುತ್ತದೆ. ಭೂಮಿಯಿಂದ ತೆಗೆದ ಕಚ್ಚಾ ತೈಲ ಮತ್ತು ಅನಿಲದಲ್ಲಿ ಗಂಧಕ ಬೆರೆತಿರುತ್ತದೆ. ಅದನ್ನು ತೆಗೆಯದೆ ಉರಿಸಿದರೆ ಗಂಧಕದ ಡೈಆಕ್ಸೈಡ್ ಗಾಳಿಗೆ ಸೇರಿ ಆಮ್ಲಮಳೆಯಾಗುತ್ತದೆ. 1883ರಲ್ಲಿ ಕ್ಲಾಸ್ ಎಂಬ ರಸಾಯನವಿಜ್ಞಾನಿ ಪೇಟೆಂಟ್ ಪಡೆದ ವಿಧಾನದ ಸುಧಾರಿತ ರೂಪದಿಂದ ಇಂದು ಈ ಗಂಧಕವನ್ನು ಹಿಡಿದಿಡುತ್ತಾರೆ. ಒಂದು ಕಾಲಕ್ಕೆ ವಿಷವಾಗಿ ಗಾಳಿಗೆ ಹೋಗುತ್ತಿದ್ದ ಗಂಧಕವನ್ನು ಈಗ ಉರಿಸಿ, ವೆನೇಡಿಯಂ ವೇಗವರ್ಧಕದ ಮೇಲೆ ಹಾಯಿಸಿ ಗಂಧಕಾಮ್ಲ ಮಾಡುತ್ತಾರೆ. ಒಂದು ಟನ್ ಗಂಧಕದಿಂದ ಸುಮಾರು ಮೂರು ಟನ್ ಆಮ್ಲ ಸಿಗುತ್ತದೆ. ಆಗ ಹುಟ್ಟುವ ಶಾಖದಿಂದ ಹಬೆ, ಹಬೆಯಿಂದ ವಿದ್ಯುತ್ತೂ ದೊರೆಯುತ್ತದೆ.

ಇದೇ ರೀತಿ ತಾಮ್ರ ಕರಗಿಸುವ ಕುಲುಮೆಗಳ ಹೊಗೆಯಿಂದಲೂ ಆಮ್ಲ ಮಾಡುತ್ತಾರೆ. ಗುಜರಾತಿನ ದಹೇಜ್‌ನ ತಾಮ್ರದ ಕಾರ್ಖಾನೆಯಲ್ಲಿ ಹೀಗೆ ದೊರೆತ ಆಮ್ಲದಿಂದಲೇ ಫಾಸ್ಫಾರಿಕ್ ಆಮ್ಲ ಮತ್ತು ಡಿ.ಎ.ಪಿ. ತಯಾರಿಸಿದ್ದುಂಟು.

ಮೂರನೆಯದು ನಿಜವಾದ ಹಳೆಯ ಆಮ್ಲ. ಪೆಟ್ರೋಲ್ ಶುದ್ಧೀಕರಣ ಘಟಕಗಳಲ್ಲಿ, ಬಣ್ಣದ ಕಾರ್ಖಾನೆಗಳಲ್ಲಿ, ಉಕ್ಕಿನ ತುಕ್ಕು ತೆಗೆಯುವ ಕಡೆಗಳಲ್ಲಿ ಆಮ್ಲ ಬಳಸಿ ಮುಗಿದ ಮೇಲೂ ಅದರ ಹುಳಿ ಪೂರ್ತಿ ಹೋಗಿರುವುದಿಲ್ಲ. ಬಳಸುವಾಗ ಶೇ. 98ರಷ್ಟಿದ್ದದ್ದು 90ಕ್ಕೆ ಇಳಿದು, ಎಣ್ಣೆಯ ಅಂಶ ಸೇರಿ ಕಪ್ಪಾಗಿರಬಹುದು. ಅದನ್ನು ಸುಮಾರು 1,000 ಡಿಗ್ರಿ ಶಾಖದ ಕುಲುಮೆಗೆ ಸಿಂಪಡಿಸಿದರೆ ಆಮ್ಲ ಒಡೆದು ಮತ್ತೆ ಗಂಧಕದ ಡೈಆಕ್ಸೈಡ್ ಆಗುತ್ತದೆ, ಎಣ್ಣೆಯ ಕೊಳೆ ಸುಟ್ಟುಹೋಗುತ್ತದೆ. ಅದರಿಂದ ಪುನಃ ಹೊಸ ಆಮ್ಲ ಮಾಡಬಹುದು. ಕೆಲವೆಡೆ ಹಳೆಯ ಆಮ್ಲವನ್ನು ಪರೀಕ್ಷಿಸಿ ನೇರವಾಗಿ ಸೂಪರ್ ಫಾಸ್ಫೇಟ್ ತಯಾರಿಕೆಗೆ ಬಳಸುವುದೂ ಇದೆ. ಏಕೆಂದರೆ ಸೂಪರ್ ಫಾಸ್ಫೇಟ್‌ಗೆ ಅಷ್ಟು ಗಟ್ಟಿಯಾದ ಆಮ್ಲ ಬೇಕಿಲ್ಲ, ಶೇ. 70ರ ಆಸುಪಾಸಿನದು ಸಾಕು.

ಎಲ್ಲ ಹಳೆಯ ಆಮ್ಲವೂ ಆಗುತ್ತದೆಯೇ?

ಇಲ್ಲ. ಈ ವಿಷಯವನ್ನು ಮಕ್ಕಳು ಚೆನ್ನಾಗಿ ನೆನಪಿಡಬೇಕು. ಸಾರಿಗೆ ಕಿವುಚಿ ಉಳಿದ ಹುಣಸೆಯ ಹಿಪ್ಪೆಯನ್ನು ಅಜ್ಜಿ ಎಸೆಯುವುದಿಲ್ಲ. ಹಿತ್ತಾಳೆ ಪಾತ್ರೆ ತಿಕ್ಕಲು ಎತ್ತಿಡುತ್ತಾರೆ. ಆದರೆ ಪಾತ್ರೆ ತಿಕ್ಕಿದ ಹುಣಸೆಯನ್ನು ಮರಳಿ ಸಾರಿಗೆ ಹಾಕುತ್ತಾರೆಯೇ? ಎಂದಿಗೂ ಇಲ್ಲ. ಹಳೆಯ ಹುಳಿ ಎಲ್ಲಿಂದ ಬಂತು, ಅದರಲ್ಲಿ ಏನು ಬೆರೆತಿದೆ ಎಂದು ನೋಡಿಯೇ ಎಲ್ಲಿಗೆ ಬಳಸಬೇಕು ಎಂಬುದನ್ನು ತೀರ್ಮಾನಿಸಬೇಕು.

ಚೀನಾದಲ್ಲಿ ರಾಸಾಯನಿಕ ಕಾರ್ಖಾನೆಗಳ ಕೊಳೆಯಾದ ಗಂಧಕಾಮ್ಲದಿಂದ ಮಾಡಿದ ಸೂಪರ್ ಫಾಸ್ಫೇಟ್ ಬಳಸಿ ಗೋಧಿಯಂಥ ಬೆಳೆಗಳು ಹಾಳಾದ ಪ್ರಕರಣಗಳು ನಡೆದಿವೆ. ಆ ಆಮ್ಲದಲ್ಲಿ ಕ್ಲೋರಾಲ್ ಎಂಬ ವಿಷವಸ್ತು ಉಳಿದಿತ್ತು. ಬೆಳೆ ಬೆಳೆಯಲೆಂದು ಹಾಕಿದ ಗೊಬ್ಬರವೇ ಬೆಳೆಯನ್ನು ಕೊಂದಿತು. ಭಾರತದಲ್ಲಿ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ಆಮ್ಲವನ್ನು ಬೇರೊಂದು ಕಾರ್ಖಾನೆ ಬಳಸಬೇಕಾದರೆ ಅನುಮತಿ ಪಡೆದಿರಲೇಬೇಕು. ಶಿಲೆಯಲ್ಲೇ ಕ್ಯಾಡ್ಮಿಯಂ ಎಂಬ ಹಾನಿಕರ ಲೋಹ ಸ್ವಲ್ಪ ಇರುವುದುಂಟು. ಯುರೋಪಿನ ಒಕ್ಕೂಟ 2022ರಿಂದ ಫಾಸ್ಫೇಟ್ ಗೊಬ್ಬರದಲ್ಲಿ ಅದಕ್ಕೂ ಮಿತಿ ಹಾಕಿದೆ.

ಒಂದು ಚೀಲದ ಲೆಕ್ಕ

ಡಿ.ಎ.ಪಿ. ಚೀಲದ ಮೇಲೆ 18-46-0 ಎಂದು ಬರೆದಿರುತ್ತದೆ. ಅಂದರೆ 100 ಕಿಲೋ ಗೊಬ್ಬರದಲ್ಲಿ 18 ಕಿಲೋ ಸಾರಜನಕ, 46 ಕಿಲೋ ರಂಜಕದ ಪೆಂಟಾಕ್ಸೈಡ್, ಪೊಟ್ಯಾಷ್ ಸೊನ್ನೆ. 50 ಕಿಲೋ ಚೀಲಕ್ಕೆ ಲೆಕ್ಕ ಹಾಕೋಣ.

• ಸಾರಜನಕ: 9 ಕಿಲೋ.
• ರಂಜಕದ ಪೆಂಟಾಕ್ಸೈಡ್: 23 ಕಿಲೋ. ಇದರಲ್ಲಿ ಶುದ್ಧ ರಂಜಕ ಸುಮಾರು 10 ಕಿಲೋ.
• ಇದಕ್ಕೆ ಬೇಕಾದ ಒಳ್ಳೆಯ ಶಿಲೆ: ಸುಮಾರು 75 ಕಿಲೋ.
• ಬೇಕಾದ ಗಂಧಕಾಮ್ಲ: ಸುಮಾರು 60 ಕಿಲೋ. ಅದಕ್ಕೆ ಬೇಕಾದ ಗಂಧಕ ಸುಮಾರು 20 ಕಿಲೋ.
• ಹಿಂದೆ ಉಳಿಯುವ ಜಿಪ್ಸಮ್: 100 ಕಿಲೋಗೂ ಹೆಚ್ಚು.

ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. 50 ಕಿಲೋ ಗೊಬ್ಬರ ಮಾಡಲು ಹೋದರೆ ಅದರ ಎರಡರಷ್ಟು ಜಿಪ್ಸಮ್ ಉಳಿಯುತ್ತದೆ. ಅದರಲ್ಲಿ ಸ್ವಲ್ಪ ಆಮ್ಲ, ಫ್ಲೋರಿನ್ ಮತ್ತು ಅತ್ಯಲ್ಪ ಪ್ರಮಾಣದಲ್ಲಿ ರೇಡಿಯಂನಂಥ ವಿಕಿರಣ ವಸ್ತು ಇರುವುದರಿಂದ ಕಂಡಲ್ಲಿ ಸುರಿಯುವಂತಿಲ್ಲ. ಜಗತ್ತಿನ ಹಲವೆಡೆ ಇದು ಬೆಟ್ಟಗಳಂತೆ ಬಿದ್ದಿದೆ. ಭಾರತದಲ್ಲಿ ಸಿಮೆಂಟ್ ಕಾರ್ಖಾನೆಗಳು ಇದನ್ನು ಕೊಳ್ಳುತ್ತವೆ. ಚೌಳು ಭೂಮಿಯನ್ನು ಸರಿಪಡಿಸಲೂ ಜಿಪ್ಸಮ್ ಬಳಸುತ್ತಾರೆ. ತೊಟ್ಟಿಯಿಂದ ಏಳುವ ಫ್ಲೋರಿನ್ ಆವಿಯನ್ನು ನೀರಿನಲ್ಲಿ ಹಿಡಿದರೆ ಅದೂ ಒಂದು ಆಮ್ಲವಾಗುತ್ತದೆ. ಅಲ್ಯೂಮಿನಿಯಂ ತಯಾರಿಕೆಗೆ ಬೇಕಾದ ವಸ್ತುವನ್ನು ಅದರಿಂದ ಮಾಡುತ್ತಾರೆ.

ಜಿಪ್ಸಮ್ ಉಳಿಯದ ದಾರಿಯೂ ಒಂದಿದೆ. ನಾರ್ವೆಯ ಒಡ್ಡಾ ಎಂಬ ಊರಿನಲ್ಲಿ 1927ರಲ್ಲಿ ಎರ್ಲಿಂಗ್ ಜಾನ್ಸನ್ ಎಂಬುವರು ಗಂಧಕಾಮ್ಲದ ಬದಲು ನೈಟ್ರಿಕ್ ಆಮ್ಲ ಬಳಸಿದರು. ಆಗ ಸುಣ್ಣದಂಶ ಕ್ಯಾಲ್ಸಿಯಂ ನೈಟ್ರೇಟ್ ಆಗಿ ಹೊರಬರುತ್ತದೆ. ಅದೂ ಗೊಬ್ಬರವೇ! ಹಾಕಿದ ಆಮ್ಲದ ಸಾರಜನಕ ಪೂರ್ತಿ ಹೊಲಕ್ಕೇ ಹೋಗುತ್ತದೆ.

ಸೂಪರ್ ಫಾಸ್ಫೇಟ್‌ನಲ್ಲಿ ರಂಜಕದ ಪೆಂಟಾಕ್ಸೈಡ್ ಕಡಿಮೆ, ಶೇ. 16 ಮಾತ್ರ. ಆದರೆ ಅದರ ಜಿಪ್ಸಮ್ ಚೀಲದೊಳಗೇ ಇರುತ್ತದೆ. ಕಡಲೆಕಾಯಿಗೆ ಸುಣ್ಣ ಮತ್ತು ಗಂಧಕ ಎರಡೂ ಬೇಕಾದ್ದರಿಂದ ಆ ಬೆಳೆಗೆ ಅದು ಬಹಳ ಒಪ್ಪುತ್ತದೆ.

ಮರುಭೂಮಿಯಿಂದ ಹೊಲದವರೆಗೆ

ಅಲ್ ಜಲಾಮಿದ್‌ನ ಅದಿರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ರೈಲಿನಲ್ಲಿ ಬಂದು, ಜುಬೈಲ್‌ನ ಉತ್ತರಕ್ಕಿರುವ ರಾಸ್ ಅಲ್ ಖೈರ್ ತಲುಪುತ್ತದೆ. ಇಲ್ಲಿ 2011ರಿಂದ ಡಿ.ಎ.ಪಿ. ತಯಾರಾಗುತ್ತಿದೆ. ಗಂಧಕ ಇದೇ ನಾಡಿನ ಎಣ್ಣೆ-ಅನಿಲದಿಂದ ಬರುತ್ತದೆ. ಅಮೋನಿಯಾ ಮಾಡಲೂ ಇಲ್ಲಿನ ಅನಿಲವೇ ಆಧಾರ. ಉತ್ತರದ ತುರೈಫ್ ಬಳಿಯ ವಅದ್ ಅಲ್ ಶಮಾಲ್‌ನಲ್ಲಿ ಇನ್ನೊಂದು ದೊಡ್ಡ ಸ್ಥಾವರವಿದೆ. ಅಲ್ಲಿಗೆ ಕರಗಿದ ಗಂಧಕವನ್ನು ಬಿಸಿಯಾಗಿಟ್ಟು ರೈಲಿನಲ್ಲೇ ಒಯ್ಯುತ್ತಾರೆ.

ಇಲ್ಲಿಂದ ಹಡಗು ಹತ್ತಿದ ಗೊಬ್ಬರ ಭಾರತದ ಬಂದರುಗಳನ್ನು ಸೇರುತ್ತದೆ. 2024-25ರಲ್ಲಿ ಸೌದಿ ಅರೇಬಿಯಾದಿಂದ ಭಾರತಕ್ಕೆ ಸುಮಾರು 19 ಲಕ್ಷ ಟನ್ ಡಿ.ಎ.ಪಿ. ಹೋಯಿತು. 2025ರ ಜುಲೈನಲ್ಲಿ ಭಾರತದ ಕಂಪನಿಗಳು ವರ್ಷಕ್ಕೆ 31 ಲಕ್ಷ ಟನ್‌ನಂತೆ ಐದು ವರ್ಷ ಕೊಳ್ಳುವ ಒಪ್ಪಂದಕ್ಕೆ ಇಲ್ಲಿ ಸಹಿ ಹಾಕಿದವು. ನಮ್ಮ ಮಂಗಳೂರಿನ ಪಣಂಬೂರಿನಲ್ಲೂ ರಸಗೊಬ್ಬರ ಕಾರ್ಖಾನೆ ಇದೆ. ಅಲ್ಲಿ ಹೊರನಾಡಿನಿಂದ ಬಂದ ಫಾಸ್ಫಾರಿಕ್ ಆಮ್ಲದಿಂದ ಡಿ.ಎ.ಪಿ. ಮಾಡುತ್ತಾರೆ. ಅದೇ ಊರಿನ ತೈಲ ಶುದ್ಧೀಕರಣಾಗಾರದಲ್ಲಿ ಕಚ್ಚಾ ತೈಲದ ಗಂಧಕವನ್ನು ಬೇರ್ಪಡಿಸುತ್ತಾರೆ.

ಈ ಸರಪಳಿಯಲ್ಲಿ ಎಲ್ಲಿ ತೊಡಕಾದರೂ ಅದು ಮುಟ್ಟುವುದು ರೈತನನ್ನು. 2021ರಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಏರಿ ಒಂದು ಚೀಲ ಡಿ.ಎ.ಪಿ.ಯ ನಿಜವಾದ ಬೆಲೆ 2,400 ರೂಪಾಯಿ ಆಯಿತು. ರೈತರಿಗೆ 1,200 ರೂಪಾಯಿಗೆ ಸಿಗಲೆಂದು ಕೇಂದ್ರ ಸರ್ಕಾರ ಸಬ್ಸಿಡಿಯನ್ನು 500ರಿಂದ 1,200 ರೂಪಾಯಿಗೆ ಏರಿಸಬೇಕಾಯಿತು.

ನಮ್ಮ ಹುಡುಗನ ತಾತ ಚಿತ್ರದುರ್ಗ ಜಿಲ್ಲೆಯ ರೈತರು. ಮಳೆ ಬಿದ್ದು ಕಡಲೆಕಾಯಿ ಬಿತ್ತುವ ಹೊತ್ತಿಗೆ ಅವರು ಸೊಸೈಟಿಯ ಮುಂದೆ ಬೆಳಗಿನ ಜಾವವೇ ಸಾಲಿನಲ್ಲಿ ನಿಂತದ್ದನ್ನು ಫೋನಿನಲ್ಲಿ ಹೇಳಿದ್ದರಂತೆ. "ಎರಡು ಚೀಲ ಕೇಳಿದೆ, ಒಂದೇ ಕೊಟ್ಟರಪ್ಪ" ಎಂದಿದ್ದರಂತೆ. ಆ ರಾತ್ರಿ ಮಗ ಇಲ್ಲಿ ಆಮ್ಲದ ತೊಟ್ಟಿಯ ಬಳಿ ರಾತ್ರಿಪಾಳಿಯಲ್ಲಿದ್ದರು. ತಂದೆ ಕಾಯುತ್ತಿದ್ದದ್ದೂ ಮಗ ಮಾಡುತ್ತಿದ್ದದ್ದೂ ಒಂದೇ ಎಂಬುದು ಹುಡುಗನಿಗೆ ಈ ಪಾಠ ಕಲಿಯುವವರೆಗೆ ಹೊಳೆದಿರಲಿಲ್ಲ. ನಮಗೂ ಹೊಳೆದಿರಲಿಲ್ಲ.

ಮಿತವಾಗಿ ಬಳಸೋಣ

ಸಾರಜನಕ ಗಾಳಿಯಲ್ಲಿದೆ, ಎಷ್ಟು ಬೇಕಾದರೂ ಸಿಗುತ್ತದೆ. ರಂಜಕ ಹಾಗಲ್ಲ. ಶಿಲೆ ಮುಗಿದರೆ ಹೊಸದು ಹುಟ್ಟಲು ಮತ್ತೆ ಕೋಟ್ಯಂತರ ವರ್ಷ ಬೇಕು. ಅದಕ್ಕೆ ಬದಲಿಯಾಗಿ ಗಿಡ ಒಪ್ಪುವ ಬೇರೆ ವಸ್ತುವೂ ಇಲ್ಲ. ಹೀಗಿದ್ದೂ ಬೇಕಾದ್ದಕ್ಕಿಂತ ಹೆಚ್ಚು ಸುರಿದರೆ ಅದು ಮಳೆನೀರಿನೊಂದಿಗೆ ಕೆರೆ ಸೇರಿ ಪಾಚಿ ಬೆಳೆಸುತ್ತದೆ. ಪಾಚಿ ಕೊಳೆತಾಗ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನುಗಳು ಸಾಯುತ್ತವೆ.

ಕೆಂಪು ಮಣ್ಣಿನ ಕಬ್ಬಿಣದಂಶ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ ಹಿಂದೆ ಹಾಕಿದ ಗೊಬ್ಬರದ ಸ್ವಲ್ಪ ಭಾಗ ಮಣ್ಣಿನಲ್ಲೇ ಇರಬಹುದು. ಅದಕ್ಕಾಗಿಯೇ ಮಣ್ಣು ಪರೀಕ್ಷೆ ಮಾಡಿಸಬೇಕು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯ ಉದ್ದೇಶವೂ ಇದೇ. ಮಣ್ಣಿನಲ್ಲಿ ಸಿಕ್ಕಿಬಿದ್ದ ರಂಜಕವನ್ನು ಬಿಡಿಸುವ ಸೂಕ್ಷ್ಮ ಜೀವಾಣುಗಳ ಗೊಬ್ಬರವೂ ಸಿಗುತ್ತದೆ. ಅವು ಹೇಗೆ ಬಿಡಿಸುತ್ತವೆ ಗೊತ್ತೇ? ಹುಳಿ ಒಸರಿಸಿ! ಕಾರ್ಖಾನೆ ಮಾಡುವ ಕೆಲಸವನ್ನು ಅವು ಸದ್ದಿಲ್ಲದೆ ಬೇರಿನ ಬುಡದಲ್ಲಿ ಮಾಡುತ್ತವೆ. ಕೊಟ್ಟಿಗೆ ಗೊಬ್ಬರ ಹಾಕಿದ ಹೊಲದಲ್ಲಿ ಅವು ಚೆನ್ನಾಗಿ ಬದುಕುತ್ತವೆ. ಹಿರಿಯರ ತಿಪ್ಪೆಗೂ ಕಾರ್ಖಾನೆಯ ಚೀಲಕ್ಕೂ ಜಗಳವಿಲ್ಲ. ಎರಡೂ ಬೇಕು, ಅಳತೆಯಲ್ಲಿ ಬೇಕು.

ಮನೆಯಲ್ಲಿ ಮಾಡಿ ನೋಡಿ

(ದೊಡ್ಡವರ ಜೊತೆ ಮಾತ್ರ. ಅಂಗಡಿಯ ಗಟ್ಟಿ ಆಸಿಡ್ ಮುಟ್ಟಬೇಡಿ.)

1. ಕಪ್ಪಾದ ತಾಮ್ರದ ಲೋಟದ ಅರ್ಧ ಭಾಗವನ್ನು ನೀರಿನಿಂದ, ಇನ್ನರ್ಧವನ್ನು ಹುಣಸೆ ಮತ್ತು ಉಪ್ಪಿನಿಂದ ಉಜ್ಜಿ. ವ್ಯತ್ಯಾಸ ಬರೆಯಿರಿ.
2. ನೀರು ಕಾಯಿಸುವ ಕೆಟಲ್‌ನ ತಳದಲ್ಲಿ ಬಿಳಿ ಸುಣ್ಣ ಕಟ್ಟಿದ್ದರೆ ನಿಂಬೆರಸ ಹಾಕಿ. ಗುಳ್ಳೆ ಏಳುತ್ತದೆ. ಅದಿರಿನಲ್ಲಿ ಉಳಿದ ಸುಣ್ಣಕಲ್ಲು ಆಮ್ಲವನ್ನು ತಿನ್ನುವುದು ಹೀಗೆಯೇ.
3. ಮಾಂಸಾಹಾರಿಗಳ ಮನೆಯಾದರೆ, ತೊಳೆದ ಕೋಳಿಮೂಳೆಯನ್ನು ವಿನೆಗರ್‌ನಲ್ಲಿ ಒಂದು ವಾರ ನೆನೆಸಿ, ನಡುವೆ ಒಮ್ಮೆ ವಿನೆಗರ್ ಬದಲಿಸಿ. ಮೂಳೆ ರಬ್ಬರಿನಂತೆ ಬಾಗುತ್ತದೆ. ಗಟ್ಟಿಯಾಗಿಸಿದ್ದ ಕ್ಯಾಲ್ಸಿಯಂ ಫಾಸ್ಫೇಟ್ ಹುಳಿಯಲ್ಲಿ ಕರಗಿದೆ.

ಪ್ರಯೋಗಶಾಲೆಯಲ್ಲಿ ಮರೆಯಬಾರದ ಮಾತು: ಆಮ್ಲವನ್ನು ನೀರಿಗೆ ನಿಧಾನವಾಗಿ ಸೇರಿಸಬೇಕು. ನೀರನ್ನು ಆಮ್ಲಕ್ಕೆ ಎಂದೂ ಸುರಿಯಬಾರದು.

ಹೊಸ ಪದಗಳು

ಅದಿರು – ಗಣಿಯಿಂದ ತೆಗೆದ, ಉಪಯುಕ್ತ ಖನಿಜವಿರುವ ಕಲ್ಲು
ಆಮ್ಲ – ಹುಳಿ ಗುಣದ ರಾಸಾಯನಿಕ, ಆಸಿಡ್
ರಂಜಕ – ಫಾಸ್ಫರಸ್
ಗಂಧಕ – ಸಲ್ಫರ್
ಸಾರಜನಕ – ನೈಟ್ರೋಜನ್
ವೇಗವರ್ಧಕ – ತಾನು ಮುಗಿಯದೆ ಕ್ರಿಯೆಯನ್ನು ಬೇಗ ನಡೆಸುವ ವಸ್ತು
ನಿಕ್ಷೇಪ – ನೆಲದಲ್ಲಿ ಶೇಖರವಾದ ಖನಿಜ
ತ್ಯಾಜ್ಯ – ಬಳಸಿ ಬಿಟ್ಟ ವಸ್ತು

ಪ್ರಶ್ನೆಗಳು

1. ಫಾಸ್ಫೇಟ್ ಶಿಲೆಯ ಪುಡಿಯನ್ನು ಎಲ್ಲ ಮಣ್ಣಿಗೂ ನೇರವಾಗಿ ಏಕೆ ಹಾಕುವುದಿಲ್ಲ?
2. ಆಮ್ಲ ಮರಳಿ ಬರುವ ಮೂರು ದಾರಿಗಳನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.
3. ಪಾತ್ರೆ ತಿಕ್ಕಿದ ಹುಣಸೆಯನ್ನು ಸಾರಿಗೆ ಏಕೆ ಹಾಕಬಾರದು? ಇದನ್ನು ಹಳೆಯ ಆಮ್ಲಕ್ಕೆ ಹೋಲಿಸಿ.
4. ಎರಡು ಚೀಲ ಡಿ.ಎ.ಪಿ.ಗೆ ಎಷ್ಟು ಗಂಧಕ ಬೇಕು? ಲೆಕ್ಕ ಹಾಕಿ.
5. ನಿಮ್ಮ ತಂದೆ ಅಥವಾ ತಾಯಿಯ ಕೆಲಸದ ಹತ್ತು ಪದಗಳನ್ನು ಅವರಿಂದ ಕೇಳಿ, ಕನ್ನಡದಲ್ಲಿ ಬರೆದು ತನ್ನಿ.

ಪೋಷಕರಲ್ಲಿ ಒಂದು ಕೋರಿಕೆ: ಐದನೆಯ ಪ್ರಶ್ನೆಗೆ ದಯವಿಟ್ಟು ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಪಾಳಿ ಮುಗಿಸಿ ದಣಿದು ಬಂದಿರುತ್ತೀರಿ, ನಮಗೆ ಗೊತ್ತು. ಆದರೂ ನೀವು ದಿನವಿಡೀ ಏನು ಮಾಡುತ್ತೀರಿ ಎಂಬುದನ್ನು ಮಗು ತನ್ನ ಮಾತಿನಲ್ಲಿ ಹೇಳಬಲ್ಲದಾದರೆ ಆ ಮಾತು ಮನೆಯಲ್ಲಿ ಉಳಿಯುತ್ತದೆ.

ನಮ್ಮ ಹುಡುಗ ಪ್ರಬಂಧವನ್ನು ಮತ್ತೆ ಬರೆದ. ಈ ಸಲ ಎರಡು ಪುಟ. ಅದರ ಕೊನೆಯ ಸಾಲುಗಳನ್ನು ಅವನ ಒಪ್ಪಿಗೆ ಪಡೆದು ಇಲ್ಲಿ ಕೊಡುತ್ತಿದ್ದೇವೆ: "ನನ್ನ ಅಪ್ಪ ಕರಗದ ಕಲ್ಲನ್ನು ಆಮ್ಲದಲ್ಲಿ ಕರಗಿಸುತ್ತಾರೆ. ಉಳಿದ ಆಮ್ಲವನ್ನು ಹಾಳು ಮಾಡದೆ ಮತ್ತೆ ಬಳಸುತ್ತಾರೆ. ಅದು ಗೊಬ್ಬರವಾಗಿ ತಾತನ ಹೊಲಕ್ಕೆ ಹೋಗುತ್ತದೆ. ರಜೆಗೆ ಊರಿಗೆ ಹೋದಾಗ ಚೀಲದ ಮೇಲೆ ಏನು ಬರೆದಿದೆ ಎಂದು ತಾತನಿಗೆ ನಾನೇ ಓದಿ ಹೇಳುತ್ತೇನೆ."

ಈ ಸಲ ಯಾರೂ ನಗಲಿಲ್ಲ.